ಕಛೇರಿ ಫೋಟೊ ತೆಗೆಯಬೇಕಾ? ಮೊದಲು ತಾಳ ಹಾಕಿ

ಚಿಂತಾಮಣಿಯ ನನ್ನ ಸ್ಟುಡಿಯೊಗೆ ಬಂದು ‘ಅಣ್ಣ, ಸಂಗೀತ ಕಛೇರಿಗೆ ಯಾವ ಲೆನ್ಸ್ ತಗೊಳ್ಳಲಿ?’ ಅಂತ ಕೇಳುವ ಹುಡುಗರಿಗೆ ನಾನು ಹೇಳುವುದು ಒಂದೇ: ಲೆನ್ಸ್ ಆಮೇಲೆ, ಮೊದಲು ಆದಿತಾಳ ಹಾಕೋದು ಕಲಿ. ಅದರ ಎಂಟು ಅಕ್ಷರ, ಅಂದರೆ ಎಂಟು ಎಣಿಕೆ, ಕೈಯಲ್ಲಿ ಹಾಕಲು ಬಂದರೆ ಹಾಡುವವರು ಯಾವಾಗ ಕೈ ಎತ್ತುತ್ತಾರೆ, ಯಾವಾಗ ಪಕ್ಕವಾದ್ಯದವರ ಕಡೆ ತಿರುಗುತ್ತಾರೆ ಅನ್ನೋದು ಮೊದಲೇ ತಿಳಿಯುತ್ತೆ.

ಕಲಿಯುವುದಕ್ಕೆ ನಮ್ಮ ಕಡೆ ಕೈವಾರದಂಥ ಜಾಗ ಇನ್ನೊಂದಿಲ್ಲ. ಗುರುಪೂರ್ಣಿಮೆಗೆ ಯೋಗಿನಾರೇಯಣ ಮಠದಲ್ಲಿ 72 ಗಂಟೆ ಹಗಲು ರಾತ್ರಿ ಬಿಡದೆ ಸಂಗೀತ ನಡೆಯುತ್ತೆ. ದೊಡ್ಡ ವಿದ್ವಾಂಸರೂ ಹಾಡುತ್ತಾರೆ, ಹಳ್ಳಿಯ ಭಜನೆ ತಂಡದವರೂ ಹಾಡುತ್ತಾರೆ. ಕ್ಯಾಮೆರಾ ಹಿಡಿದವರೆಲ್ಲ ಸಂಜೆ ಬರುತ್ತಾರೆ. ನೀವು ರಾತ್ರಿ ಎರಡರ ಮೇಲೆ ಹೋಗಿ. ಒಮ್ಮೆ ಆ ಹೊತ್ತಲ್ಲಿ ಒಬ್ಬ ಅಜ್ಜಿ ಕಣ್ಣು ಮುಚ್ಚಿಕೊಂಡು ತಾತಯ್ಯನವರ, ಅಂದರೆ ಯೋಗಿನಾರೇಯಣರ ಪದ ಹಾಡುತ್ತಿದ್ದರು. ತಾಳ ಹಿಡಿದ ಕೈ ಎದೆಯ ಹತ್ತಿರ, ಸೆರಗು ಜಾರಿ ಭುಜದ ಮೇಲೆ. ಮುಂದೆ ಯಾರಿದ್ದಾರೆ ಅನ್ನೋ ಗ್ಯಾನವೇ ಅವರಿಗಿರಲಿಲ್ಲ. ಅಂಥ ಮುಖ ಸಂಜೆಯ ಜನಜಂಗುಳಿಯಲ್ಲಿ ನನಗೆ ಸಿಕ್ಕಿಲ್ಲ.

ಸಾಮಾನಿನ ವಿಷಯ ಬೇಗ ಹೇಳಿಬಿಡುತ್ತೇನೆ. 50 ಎಂಎಂ ಎಫ್ 1.8 ಲೆನ್ಸ್ ಸಾಕು, 85 ಇದ್ದರೆ ಇನ್ನೂ ಒಳ್ಳೆಯದು. ಐಎಸ್ಒ, ಅಂದರೆ ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ, 3200ಕ್ಕೆ ಏರಿಸಲು ಹೆದರಬೇಡಿ. ಫ್ಲ್ಯಾಶ್ ಮಾತ್ರ ಬೇಡವೇ ಬೇಡ. ಹಿಂದೆ ಕತ್ತಲು, ಮುಂದೆ ಬಿಳಿ ಪಂಚೆ ಇರುತ್ತೆ, ಹಾಗಾಗಿ ಎಕ್ಸ್‌ಪೋಶರ್ ಒಂದು ಸ್ಟಾಪ್ ಇಳಿಸಿ, ಆಮೇಲೆ ತಿದ್ದಲು ಅನುಕೂಲವಾಗುವ ರಾ ಫೈಲಲ್ಲೇ ತೆಗೆಯಿರಿ. ಇನ್ನೊಂದು, ನಮ್ಮ ಕರೆಂಟು 50 ಹರ್ಟ್ಸ್. ಟ್ಯೂಬ್‌ಲೈಟು, ಅಗ್ಗದ ಎಲ್‌ಇಡಿ ಸೆಕೆಂಡಿಗೆ 100 ಸಲ ಮಿಣುಕುತ್ತವೆ. ಶಟರ್ ಜಾಸ್ತಿ ವೇಗಕ್ಕೆ ಇಟ್ಟರೆ ಫೋಟೊದಲ್ಲಿ ಅಡ್ಡ ಪಟ್ಟೆ ಬೀಳುತ್ತೆ. 1/100ರಲ್ಲಿ ಇಡಿ. ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್‌ನಲ್ಲಿ ಪಟ್ಟೆ ಇನ್ನೂ ಜಾಸ್ತಿ, ನೋಡಿಕೊಂಡು ಬಳಸಿ. ಸದ್ದು ಮಾಡುವ ಕ್ಯಾಮೆರಾ ಆದರೆ, ತಾಳವಿಲ್ಲದೆ ರಾಗ ಬಿಡಿಸುವ ಆಲಾಪನೆ ಮುಗಿಯುವ ತನಕ ಕೈ ಕಟ್ಟಿ ಕೂತು ಕೇಳಿ. ಅದು ಕೇಳುವ ಹೊತ್ತು.

ಎಲ್ಲಿ ಕೂರಬೇಕು? ನಟ್ಟ ನಡುವೆ ಕೂತರೆ ಮೈಕು ಬಾಯಿ ಮುಚ್ಚುತ್ತೆ. ಸ್ವಲ್ಪ ಓರೆಯಾಗಿ, ವೇದಿಕೆಯ ಅಂಚಿಗೆ ನೆಲದ ಮೇಲೆ ಕೂರಿ. ಒಬ್ಬ ಹಿರಿಯ ಮೃದಂಗ ವಿದ್ವಾಂಸರು ನನ್ನ ಕರೆದು, ‘ಏನಪ್ಪಾ, ಎಲ್ಲಾರೂ ನನ್ನ ಬಲಗೈ ತೆಗೀತಾರೆ. ಎಡಗೈನೂ ಒಂದ್ಸಲ ತೆಗಿ’ ಅಂದರು. ಸಾಮಾನ್ಯವಾಗಿ ಮೃದಂಗದ ಬಲಭಾಗ ಕೇಳುಗರ ಕಡೆಗಿರುತ್ತೆ, ಎಡಭಾಗ ಯಾರಿಗೂ ಕಾಣಲ್ಲ. ಕಛೇರಿಗೆ ಮುಂಚೆ ಅನುಮತಿ ಕೇಳಿ ವೇದಿಕೆಯ ಹಿಂದೆ ಹೋಗಿ. ನಾದ ಹದ ಮಾಡಲು ಕಲಸಿದ ರವೆಯನ್ನು ಎಡಭಾಗದ ಚರ್ಮಕ್ಕೆ ಮೆತ್ತಿ, ಬೆರಳಲ್ಲಿ ತಟ್ಟಿ, ಕಿವಿಗೊಟ್ಟು ಕೇಳಿ, ಮತ್ತೆ ಚಿಟಿಕೆ ರವೆ ಸೇರಿಸುವುದನ್ನು ನೋಡಿ. ಒದ್ದೆ ಬೆರಳ ಗುರುತು ರವೆಯ ಮೇಲೆ ಹಾಗೇ ನಿಂತಿರುತ್ತೆ. ನನ್ನ ಅಂಗಡಿ ಗೋಡೆಯ ಮೇಲೆ ಇರುವುದು ಆ ಫೋಟೊನೇ.

ಇನ್ನು ತನಿ ಆವರ್ತನ, ಅಂದರೆ ಹಾಡು ನಿಲ್ಲಿಸಿ ಮೃದಂಗ, ಘಟದವರು ಮಾತ್ರ ನುಡಿಸುವ ಭಾಗ. ನೀವು ಕಾದಿದ್ದಕ್ಕೆ ಫಲ ಸಿಗೋದು ಇಲ್ಲೇ. ಕೊನೆಗೆ ಒಂದು ದೊಡ್ಡ ಕೋರ್ವೆ, ಅಂದರೆ ಲೆಕ್ಕ ಹಾಕಿ ಕಟ್ಟಿದ ಮುಕ್ತಾಯದ ನುಡಿಕಟ್ಟು ಬರುತ್ತೆ, ಅದನ್ನು ಮೂರು ಸಲ ನುಡಿಸುತ್ತಾರೆ. ಮೊದಲ ಸಲಕ್ಕೆ ಫ್ರೇಮು ಸರಿ ಮಾಡಿಕೊಳ್ಳಿ. ಎರಡನೆಯದಕ್ಕೆ ಫೋಕಸ್ ಹಾಡುವವರ ಕಣ್ಣಿನ ಮೇಲೆ ಇರಲಿ. ಮೂರನೆಯದು ಮುಗಿದು ಪಲ್ಲವಿ ಎತ್ತುವ ಜಾಗಕ್ಕೆ ಬಂದಾಗ ಒತ್ತಿ. ಆ ಕ್ಷಣದಲ್ಲಿ ಪಿಟೀಲಿನವರು, ಘಟದವರು, ಹಾಡುವವರು ಎಲ್ಲರೂ ಒಬ್ಬರನ್ನೊಬ್ಬರು ನೋಡಿ ನಗುತ್ತಾರೆ. ತಾಳ ಗೊತ್ತಿಲ್ಲದವರ ಕ್ಯಾಮೆರಾ ಆಗ ನೆಲ ನೋಡುತ್ತಿರುತ್ತೆ.

ತಮಟೆಗೆ ಬೇರೆಯೇ ದಾರಿ. 2023ರಲ್ಲಿ ನಮ್ಮ ಜಿಲ್ಲೆಯ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪ ಅವರಿಗೆ ತಮಟೆಗಾಗಿಯೇ ಪದ್ಮಶ್ರೀ ಬಂತು, ನನಗೆ ಹೇಳತೀರದ ಖುಷಿಯಾಯಿತು. ತಮಟೆಯವರು ಕೂತು ನುಡಿಸಲ್ಲ, ಕುಣಿಯುತ್ತಾ ಬಾರಿಸುತ್ತಾರೆ. ಹಗಲಾದರೆ ಶಟರ್ 1/500, ಅಗಲದ ಲೆನ್ಸ್, ಮಂಡಿಯೂರಿ ಕೆಳಗಿನಿಂದ ತೆಗೆಯಿರಿ. ಅರ್ಧ ಗಂಟೆ ಮುಂಚೆಯೇ ಹೋಗಿ. ಹುಲ್ಲಿಗೆ ಬೆಂಕಿ ಹಾಕಿ ತಮಟೆ ಕಾಯಿಸುತ್ತಿರುತ್ತಾರೆ. ಚರ್ಮ ಬಿಗಿಯಾದಂತೆ ನಾದ ಏರುತ್ತೆ, ಒಬ್ಬೊಬ್ಬರೂ ಕಡ್ಡಿಯಲ್ಲಿ ತಟ್ಟಿ ನೋಡುತ್ತಾರೆ. ಆ ಬೆಂಕಿಯ ಬೆಳಕೇ ಸಾಕು.

ಫೋಟೊ ತೆಗೆದ ಮೇಲೆ ಕಲಾವಿದರಿಗೆ ಕಳಿಸಲೇಬೇಕು. ವಾಟ್ಸಾಪಿನಲ್ಲಿ ಸುಮ್ನೆ ಕಳಿಸಿದರೆ ಗುಣಮಟ್ಟ ಇಳಿಯುತ್ತೆ, ಡಾಕ್ಯುಮೆಂಟ್ ಆಗಿ ಕಳಿಸಿ. ತಂಬೂರಿ ಹಿಡಿದು ಹಿಂದೆ ಕೂತವರಿಗೂ ಅವರದೊಂದು ಫೋಟೊ ಕಳಿಸಿ, ಅವರನ್ನು ಯಾರೂ ತೆಗೆದಿರಲ್ಲ.