ತಕ್ಕಡಿಯಲ್ಲಿ ಒಂದೇ ತೂಕ, ಕೊಕ್ಕೆಯಲ್ಲಿ ಬೇರೆ ತೂಕ

ಸಾವಯವ ಪದ್ಧತಿಯಲ್ಲಿ ಮಾಂಸದ ದನ ಸಾಕಲು ಶುರು ಮಾಡಿದ ಮೊದಲ ವರ್ಷಗಳಲ್ಲಿ ನನಗೆ ಗೊತ್ತಿದ್ದದ್ದು ಒಂದೇ ಲೆಕ್ಕ. ದನವನ್ನು ತಕ್ಕಡಿ ಹತ್ತಿಸುವುದು, ಎಷ್ಟು ತೂಗಿತು ಅಂತ ನೋಡುವುದು. ಒಂದು ಸಲ ಎರಡು ಹೋರಿಗಳನ್ನು ಒಂದೇ ದಿನ ಕಳಿಸಿದೆ. ಎರಡೂ ಬೀಜ ಒಡೆಸಿದವು, ಎರಡೂ ಹೆಚ್ಚುಕಡಿಮೆ 560 ಕಿಲೋ. ಕಸಾಯಿಖಾನೆಯಿಂದ ಬಂದ ಚೀಟಿಯಲ್ಲಿ ಒಂದರ ಕಾರ್ಕಸ್ ತೂಕ 302 ಕಿಲೋ, ಇನ್ನೊಂದರದ್ದು 278. ಅವರೇ ಎಲ್ಲೋ ತಪ್ಪು ಬರೆದಿರಬೇಕು ಅಂದುಕೊಂಡೆ. ಆಮೇಲೆ ನನ್ನ ನೋಟ್‌ಬುಕ್ ತೆಗೆದು, ಎರಡೂ ಕರು ಹುಟ್ಟಿದ ದಿನದಿಂದ ಓದುತ್ತಾ ಬಂದೆ. ತಪ್ಪು ನನ್ನ ಕಡೆಯೇ ಇತ್ತು.

ಕಾರ್ಕಸ್ ಅಂದರೆ ತಲೆ, ಚರ್ಮ, ಕಾಲಿನ ಗೊರಸು ಭಾಗ, ರಕ್ತ, ಹೊಟ್ಟೆ ಕರುಳು ಎಲ್ಲ ತೆಗೆದ ಮೇಲೆ ಕೊಕ್ಕೆಗೆ ನೇತುಹಾಕುವ, ಎಲುಬು ಸಮೇತದ ಮಾಂಸ. ಹುಲ್ಲಿನ ಮೇಲೇ ಬೆಳೆದ ದನದಲ್ಲಿ ಅದು ಜೀವಂತ ತೂಕದ ಶೇಕಡಾ 50ರಿಂದ 55ರ ಆಸುಪಾಸಿನಲ್ಲಿ ಇರುತ್ತದೆ. ಧಾನ್ಯ ತಿಂದು ಚೆನ್ನಾಗಿ ಕೊಬ್ಬಿದ ದನದಲ್ಲಿ 60 ದಾಟುವುದೂ ಉಂಟು. ಹುಲ್ಲು ತಿನ್ನುವ ದನದ ಹೊಟ್ಟೆಯಲ್ಲಿ ಸರಕು ಜಾಸ್ತಿ, ಮೈಮೇಲೆ ಕೊಬ್ಬು ಕಡಿಮೆ, ಅದಕ್ಕೇ ಈ ಅಂತರ. ಹೊಟ್ಟೆಯೊಳಗಿನ ಮೇವು, ನೀರು ಸೇರಿಯೇ ದನದ ತೂಕದ ಶೇಕಡಾ 10ರಿಂದ 20 ಆಗಬಹುದು. 560 ಕಿಲೋ ದನದಲ್ಲಿ ಅದು 56ರಿಂದ 112 ಕಿಲೋ! ನಾನು ಒಂದು ಹೋರಿಯನ್ನು ಬೆಳಿಗ್ಗೆ ಮೇಯಲು ಬಿಡುವ ಮುಂಚೆ ತೂಗಿದ್ದೆ, ಇನ್ನೊಂದನ್ನು ಸಂಜೆ ಮೇದು ನೀರು ಕುಡಿದು ಬಂದ ಮೇಲೆ. ಅಂದರೆ ಆ 24 ಕಿಲೋದಲ್ಲಿ ಒಂದಷ್ಟು ಬರೀ ಹುಲ್ಲು, ನೀರು. ಅವತ್ತಿನಿಂದ ಎಲ್ಲ ದನಗಳನ್ನೂ ಬೆಳಿಗ್ಗೆ ಅದೇ ಹೊತ್ತಿಗೆ, ಮೇಯಿಸುವ ಮುಂಚೆಯೇ ತೂಗುತ್ತೇನೆ.

ಆದರೆ ಪೂರ್ತಿ ವ್ಯತ್ಯಾಸಕ್ಕೆ ಅದೊಂದೇ ಕಾರಣ ಅಲ್ಲ. 278 ಬಂದ ಹೋರಿಯ ತಾಯಿಗೆ ಹಾಲು ಕಡಿಮೆ ಇತ್ತು. ಅದನ್ನು ಐದನೇ ತಿಂಗಳಿಗೇ ಮೊಲೆ ಬಿಡಿಸಿ, ಹಿಂದಿನ ವರ್ಷದ ಕರುಗಳು ಮೇದಿದ್ದ ಅದೇ ಹುಲ್ಲುಗಾವಲಿಗೆ ಬಿಟ್ಟಿದ್ದೆ. ಮೂರು ವಾರದಲ್ಲಿ ಜಂತುಹುಳು ತಗುಲಿ ಸಗಣಿ ತೆಳ್ಳಗಾಯಿತು, ಕೂದಲು ಒರಟಾಯಿತು, ಸುಮಾರು ಎರಡು ತಿಂಗಳು ತೂಕ ಅಲ್ಲೇ ನಿಂತುಬಿಟ್ಟಿತು. ಆಮೇಲೆ ಚೇತರಿಸಿಕೊಂಡಿತು ನಿಜ. ಆದರೆ 560 ಮುಟ್ಟುವಾಗ ಇನ್ನೊಂದಕ್ಕಿಂತ ನಾಲ್ಕು ತಿಂಗಳು ದೊಡ್ಡದಾಗಿತ್ತು, ಹೊಟ್ಟೆ ದೊಡ್ಡದು, ಬೆನ್ನ ಮೇಲೆ ಕೈಯಿಟ್ಟರೆ ಮೂಳೆ ಸಿಗುತ್ತಿತ್ತು. ಕೊಬ್ಬು ಕೂಡಿರಲಿಲ್ಲ. ಕೊಬ್ಬಿನ ಹೊದಿಕೆ ಇಲ್ಲದ ದನದಲ್ಲಿ ಶೇಕಡಾವಾರು ಇಳಿದೇ ಇಳಿಯುತ್ತದೆ.

ಕರುವಿನ ಈ ಮೊದಲ ವರ್ಷದ ವಿಷಯವನ್ನೇ ನಾನು ಎಲ್ಲರಿಗೂ ಒತ್ತಿ ಹೇಳುವುದು. ಸಾವಯವದಲ್ಲಿ ಬೆಳವಣಿಗೆಯ ಹಾರ್ಮೋನ್ ಇಲ್ಲ, ಸುಮ್ನೆ ಮುನ್ನೆಚ್ಚರಿಕೆಗೆ ಅಂತ ಔಷಧಿ ಹಾಕುವ ಹಾಗಿಲ್ಲ, ಧಾನ್ಯಕ್ಕೂ ಮಿತಿ ಇದೆ. ಯುರೋಪಿಯನ್ ಒಕ್ಕೂಟದ ಸಾವಯವ ನಿಯಮದಲ್ಲಿ ದಿನದ ಮೇವಿನ ಒಣ ಅಂಶದಲ್ಲಿ ಕನಿಷ್ಠ ಶೇಕಡಾ 60 ಹುಲ್ಲು, ಒಣಹುಲ್ಲು, ರಸಮೇವಿನಂಥ (ಗಾಳಿಯಾಡದಂತೆ ಮುಚ್ಚಿ ಹುದುಗಿಸಿದ ಹಸಿ ಮೇವು) ನಾರಿನ ಮೇವೇ ಇರಬೇಕು. ಹಾಗಾಗಿ ಕರುವಾಗಿದ್ದಾಗ ಕಳೆದುಕೊಂಡ ಬೆಳವಣಿಗೆಯನ್ನು ಕೊನೆಯ ಮೂರು ತಿಂಗಳಲ್ಲಿ ಹಿಂಡಿ ಸುರಿದು ತುಂಬಿಸುತ್ತೇನೆ ಅನ್ನುವ ದಾರಿ ನಮಗಿಲ್ಲ.

ಜಂತುಹುಳು ವಿಷಯದಲ್ಲಿ ನಾನು ಮಾಡಿಕೊಂಡ ಬದಲಾವಣೆ ಹೇಳುತ್ತೇನೆ. ಹುಳುವಿನ ಮೊಟ್ಟೆ ಸಗಣಿಯಲ್ಲಿ ಬೀಳುತ್ತದೆ, ತೇವ ಮತ್ತು ಬೆಚ್ಚಗಿನ ಹವೆ ಇದ್ದರೆ ಒಂದೆರಡು ವಾರದಲ್ಲಿ ಮರಿ ಹೊರಬಂದು ಹುಲ್ಲು ಹತ್ತುತ್ತದೆ, ಜಾಸ್ತಿ ಇರುವುದು ಹುಲ್ಲಿನ ಬುಡದಲ್ಲಿ. ಮೊದಲ ಸಲ ಮೇಯಲು ಇಳಿದ ಕರುವಿಗೆ ಇದನ್ನು ತಡೆಯುವ ಶಕ್ತಿ ಇನ್ನೂ ಬಂದಿರುವುದಿಲ್ಲ. ಅದಕ್ಕೆ ಈಗ ಹುಲ್ಲು ಕೊಯ್ದು ಒಣಗಿಸಿದ ಜಾಗದಲ್ಲಿ ಬಂದ ಹೊಸ ಚಿಗುರು ಮೊದಲು ಕರುಗಳಿಗೆ. ಅದು ಇಲ್ಲದಿದ್ದರೆ ಕುರಿ ಅಥವಾ ದೊಡ್ಡ ದನ ಮೇದ ಜಾಗ. ಹುಲ್ಲು 10 ಸೆಂಟಿಮೀಟರ್ ಹತ್ತಿರ ಇದ್ದಾಗ ಒಳಗೆ ಬಿಡುತ್ತೇನೆ, 5ಕ್ಕೆ ಬಂದರೆ ಮುಂದಿನ ತುಂಡಿಗೆ ದಾಟಿಸುತ್ತೇನೆ. ಸಗಣಿ ಪರೀಕ್ಷೆ ಮಾಡಿಸುತ್ತೇನೆ. ಪರೀಕ್ಷೆಯಲ್ಲಿ ಹುಳು ಜಾಸ್ತಿ ಅಂತ ಬಂದರೆ, ಕರು ಸೊರಗಿದ್ದರೆ, ವೈದ್ಯರನ್ನು ಕರೆಸಿ ಔಷಧಿ ಕೊಡಿಸುತ್ತೇನೆ, ಮಾಂಸಕ್ಕೆ ಕಳಿಸುವ ಮುಂಚೆ ನಿಯಮದ ಪ್ರಕಾರ ಕಾಯಬೇಕಾದಷ್ಟು ದಿನ ಕಾಯುತ್ತೇನೆ. ಸಾವಯವ ಅನ್ನುವ ಹೆಸರಿಗಾಗಿ ಕಾಯಿಲೆ ಕರುವನ್ನು ಹಾಗೇ ಬಿಡುವುದು ಪಾಪ, ಅದನ್ನು ನಾನು ಒಪ್ಪುವುದಿಲ್ಲ.

ಹುಲ್ಲಿನ ಗುಣವೂ ಅಷ್ಟೇ ಮುಖ್ಯ. ತೆನೆ ಬಂದ ಹುಲ್ಲು ನೋಡಲು ಎತ್ತರ, ರಾಶಿ ರಾಶಿ ಕಾಣುತ್ತದೆ, ಆದರೆ ಕಡ್ಡಿ ಜಾಸ್ತಿ, ಜೀರ್ಣ ಆಗುವುದು ಕಡಿಮೆ. ಹೊಟ್ಟೆ ತುಂಬುತ್ತದೆ, ಮೈ ತುಂಬುವುದಿಲ್ಲ. ಕ್ಲೋವರ್‌ನಂಥ ದ್ವಿದಳ ಮೇವು ಬೆರೆಸಿ ಬಿತ್ತಿದ ಮೇಲೆ ನನ್ನ ದನಗಳು ತಿನ್ನುವುದೂ ಹೆಚ್ಚಾಯಿತು, ನೆಲಕ್ಕೆ ಸಾರಜನಕವೂ ಸಿಕ್ಕಿತು. ಒಂದು ಎಚ್ಚರ: ಹಸಿದ ದನವನ್ನು ಒದ್ದೆ ಕ್ಲೋವರ್‌ಗೆ ನೇರ ಬಿಡಬೇಡಿ, ಹೊಟ್ಟೆ ಉಬ್ಬರದಲ್ಲಿ ಕೆಲವೇ ಗಂಟೆಯಲ್ಲಿ ದನ ಸಾಯಬಹುದು. ಮೊದಲು ಒಣಹುಲ್ಲು ಹಾಕಿ.

ಮೇವು ಕಮ್ಮಿ ಇರುವ ತಿಂಗಳುಗಳಲ್ಲಿ ವರ್ಷ ದಾಟಿದ ದನ ದಿನಕ್ಕೆ ಅರ್ಧ ಕಿಲೋ ಬೆಳೆದರೂ ನಾನು ಹೆದರುವುದಿಲ್ಲ. ಒಳ್ಳೆ ಹುಲ್ಲಿಗೆ ಬಿಟ್ಟಾಗ ಅದು ದಿನಕ್ಕೆ ಒಂದು ಕಿಲೋ ಮೇಲೂ ಬೆಳೆದು ಸರಿದೂಗಿಸುತ್ತದೆ. ಚಿಕ್ಕ ಕರುವಿಗೆ ಈ ಲೆಕ್ಕ ಹಾಕಬೇಡಿ.

ತಳಿಯ ಬಗ್ಗೆ ನನ್ನನ್ನು ಕೇಳುವವರು ಜಾಸ್ತಿ. ಶಾರೊಲೆ, ಲಿಮೋಸಿನ್ ದೊಡ್ಡ ಮೈಯವು, ಕಾರ್ಕಸ್ ಭಾರ ಬರುತ್ತದೆ, ಆದರೆ ತಡವಾಗಿ ತುಂಬಿಕೊಳ್ಳುತ್ತವೆ. ಆ ಆಸೆಗೆ ನಾನೂ ಶಾರೊಲೆ ಮಿಶ್ರತಳಿ ತಂದೆ. ಬರೀ ಹುಲ್ಲಿನ ಮೇಲೆ 24 ತಿಂಗಳಾದರೂ ಎತ್ತರ ಇತ್ತೇ ಹೊರತು ಬೆನ್ನ ಮೇಲೆ ಕೊಬ್ಬಿರಲಿಲ್ಲ. ಆಂಗಸ್, ಹಿಯರ್‌ಫೋರ್ಡ್ ಮೈಯಲ್ಲಿ ಚಿಕ್ಕವು, ಹುಲ್ಲಿನಲ್ಲೇ ಬೇಗ ತಯಾರಾಗುತ್ತವೆ, ನನ್ನ ನೆಲಕ್ಕೆ ಅವೇ ಸರಿ. ಹಾಲಿನ ತಳಿಯ ಗಂಡು ಕರುಗಳಲ್ಲಿ ಎಲುಬು ಹೆಚ್ಚು, ಶೇಕಡಾವಾರು ಕಡಿಮೆ. ಇನ್ನು ಬೀಜ ಒಡೆಸದ ಹೋರಿ ಬೇಗ ಬೆಳೆಯುತ್ತದೆ, ಮಾಂಸ ಹೆಚ್ಚು ಕೊಬ್ಬು ಕಡಿಮೆ, ಆದರೆ ಕಡಸುಗಳ ಜೊತೆ ಬಿಡಲು ಆಗುವುದಿಲ್ಲ. ಕಡಸು ಬೇಗ ಕೊಬ್ಬುತ್ತದೆ, ಹಗುರವಾಗಿಯೇ ಮುಗಿಯುತ್ತದೆ.

ಕೊನೆಯ ಎರಡು ದಿನದಲ್ಲೂ ಕಿಲೋ ಕಳೆಯುತ್ತದೆ. ಅವಸರದಲ್ಲಿ ಗಾಡಿ ಹತ್ತಿಸುವಾಗ ಬಾಗಿಲಿಗೆ, ಕಂಬಕ್ಕೆ ತಾಗಿದರೆ ಮಾಂಸ ಕಂದುತ್ತದೆ, ಆ ಭಾಗವನ್ನು ಕತ್ತರಿಸಿ ಎಸೆಯುತ್ತಾರೆ. ಹೆದರಿದ ದನದ ಮಾಂಸ ಕಪ್ಪಾಗುತ್ತದೆ. ನಾನು ಈಗ ಒಟ್ಟಿಗೆ ಬೆಳೆದ ದನಗಳನ್ನೇ ಒಟ್ಟಿಗೆ ಕಳಿಸುತ್ತೇನೆ, ಕೋಲು ಮುಟ್ಟುವುದಿಲ್ಲ. ಚೀಟಿ ನೋಡುವಾಗ ಬಿಸಿ ತೂಕವೋ ತಣಿದ ಮೇಲಿನ ತೂಕವೋ ಕೇಳಿಕೊಳ್ಳಿ, ತಣಿಯುವಾಗ ನೀರು ಆರಿ ಶೇಕಡಾ ಒಂದೆರಡು ಇಳಿಯುತ್ತದೆ.

ನನ್ನ ನೋಟ್‌ಬುಕ್‌ನಲ್ಲಿ ಈಗ ಪ್ರತಿ ಕರುವಿಗೂ ಒಂದು ಪುಟ ಇದೆ. ಮೊದಲ ಸಾಲಿನಲ್ಲಿ ಗಿಣ್ಣುಹಾಲು ಎಷ್ಟು ಹೊತ್ತಿಗೆ ಕುಡಿಯಿತು ಅಂತ ಬರೆಯುತ್ತೇನೆ, ಆರು ಗಂಟೆಯೊಳಗೆ ಆಗಬೇಕು. ಆಮೇಲೆ ಮೂರು ತಿಂಗಳ ತೂಕ, ಮೊಲೆ ಬಿಡಿಸಿದ ದಿನದ ತೂಕ, ಯಾವ ಗಾವಲಿನಲ್ಲಿ ಎಷ್ಟು ದಿನ ಮೇಯಿತು. ಕಸಾಯಿಖಾನೆಯ ಚೀಟಿಯನ್ನು ಅದೇ ಪುಟದ ಕೆಳಗೆ ಅಂಟಿಸುತ್ತೇನೆ.