5 ಮೀಟರ್‌ನಲ್ಲಿ ನಿಲ್ಲಲಾಗದೆ ತೇಲುತ್ತಿದ್ದದ್ದು ಸರಿಹೋದ ಬಗೆ

ಗೋವಾದ ಗ್ರಾಂಡೆ ದ್ವೀಪದ ಬಳಿ ಪ್ರತಿ ಸ್ಕೂಬಾ ಡೈವ್‌ನಲ್ಲೂ ಇದೇ ತೊಂದರೆ. ಮೇಲೆ ಬರುವ ಮುನ್ನ ಸುರಕ್ಷತೆಗೆಂದು 5 ಮೀಟರ್ ಆಳದಲ್ಲಿ 3 ನಿಮಿಷ ನಿಲ್ಲಬೇಕು, ನಾನು ಮೇಲಕ್ಕೆ ತೇಲಿಬಿಡುತ್ತಿದ್ದೆ. ತಳದಲ್ಲಿ ಕಾಲು ಜೋತುಬಿದ್ದು ಮರಳು ಕದಡುತ್ತಿತ್ತು.

ತೂಕ ಸಾಲದೆಂದು, ಮುಳುಗಲು ಸೊಂಟಕ್ಕೆ ಕಟ್ಟುವ ತೂಕದ ಬೆಲ್ಟಿಗೆ 8ರ ಬದಲು 10 ಕೆಜಿ ಹಾಕಿದೆ, ಇನ್ನೂ ಹದಗೆಟ್ಟಿತು. ಹೆಚ್ಚುವರಿ ಪ್ರತಿ ಕೆಜಿಗೂ ಬಿಸಿಡಿ ಜಾಕೆಟ್‌ಗೆ (ಗಾಳಿ ತುಂಬಿ, ಬಿಟ್ಟು ತೇಲುವುದನ್ನು ಹದಮಾಡುವ ಜಾಕೆಟ್) ಸುಮಾರು 1 ಲೀಟರ್ ಗಾಳಿ ತುಂಬಬೇಕು. ಮೇಲೇರಿದಂತೆ ಆ ಗಾಳಿ ಹಿಗ್ಗಿ ನಮ್ಮನ್ನೇ ಎತ್ತುತ್ತದೆ. ದೊಡ್ಡ ಸೈಜಿನ ಜಾಕೆಟ್ ಕಿವಿಯವರೆಗೆ ಏರಿತು.

‘ಖಾಲಿ ಸಿಲಿಂಡರ್ ಇಟ್ಕೊಂಡು ತೂಕ ನೋಡಪಾ’ ಅಂದ ವಾಸ್ಕೋದಲ್ಲಿರುವ ಧಾರವಾಡದ ಗೆಳೆಯ. ಕೆಲಸ ಮಾಡಿದ್ದು ಅದೇ.

ಡೈವ್ ಮುಗಿಸಿ, ಸಿಲಿಂಡರ್‌ನಲ್ಲಿ 50 ಬಾರ್ (ಗಾಳಿಯ ಒತ್ತಡದ ಅಳತೆ) ಉಳಿದಿರುವಾಗ, ನೀರಿನ ಮೇಲೆ ನೆಟ್ಟಗೆ ನಿಂತೆ. ಉಸಿರಾಡುವ ರೆಗ್ಯುಲೇಟರ್ ಬಾಯಲ್ಲೇ ಇರಲಿ, ಕಾಲಿಗೆ ಹಾಕಿದ ಫಿನ್ ಆಡಿಸಬಾರದು. ಜಾಕೆಟ್‌ನ ಗಾಳಿ ಕೊಳವೆಯನ್ನು (ಹೋಸ್) ಮೇಲೆತ್ತಿ ಗಾಳಿಯನ್ನೆಲ್ಲ ಬಿಟ್ಟೆ. ಮಾಮೂಲು ಉಸಿರೆಳೆದು ಹಿಡಿದಾಗ ನೀರು ಕಣ್ಣಮಟ್ಟಕ್ಕೆ ಬರಬೇಕು, ಉಸಿರು ಬಿಟ್ಟರೆ ನಿಧಾನ ಮುಳುಗಬೇಕು. ಒಂದೊಂದೇ ಕೆಜಿ ತೆಗೆಯುತ್ತಾ 6ಕ್ಕೆ ನಿಂತೆ. ತುಂಬಿದ ಸಿಲಿಂಡರ್‌ನಲ್ಲಿ ನೋಡುವವರು ಕೊನೆಗೆ 2 ಕೆಜಿ ಸೇರಿಸಿಕೊಳ್ಳಿ; 11 ಲೀಟರಿನ ಸಿಲಿಂಡರ್ 200ರಿಂದ 50 ಬಾರ್‌ಗೆ ಇಳಿದಾಗ ಅಷ್ಟು ಹಗುರಾಗುತ್ತದೆ.

ಆಮೇಲೆ ಬೆಲ್ಟ್ ಬಿಟ್ಟು, ತೂಕದ ಜೇಬುಗಳಿರುವ ಜಾಕೆಟ್ ಕೊಂಡೆ. 3 ಮಿಲಿಮೀಟರ್ ದಪ್ಪದ ವೆಟ್‌ಸೂಟ್ (ಮೈಗಂಟುವ ಡೈವಿಂಗ್ ಉಡುಪು) ತೊಟ್ಟೇ ಅಳತೆ ನೋಡಿದೆ: ಪೂರ್ತಿ ಉಬ್ಬಿಸಿದಾಗಲೂ ಎದೆ ಬಿಗಿಯಬಾರದು. ಮುಂದಿನ ಜೇಬುಗಳಲ್ಲಿ 2+2 ಕೆಜಿ, ಬೆನ್ನ ಹಿಂದೆ ಸಿಲಿಂಡರ್ ಪಟ್ಟಿಯ ಮೇಲ್ಭಾಗದಲ್ಲಿ 1+1. ಜೋತುಬೀಳುತ್ತಿದ್ದ ಕಾಲು ಮೇಲೆ ಬಂತು. ತುರ್ತಿಗೆ ಎಳೆದು ಬಿಡುವುದು ಮುಂದಿನ 4 ಕೆಜಿ ಮಾತ್ರ.