ಎಂಜಿನ್ ಆಫ್ ಮಾಡಿ ಅಂಜಲ್ ಹಿಡಿದದ್ದು: ಮಲ್ಪೆಯ ನನ್ನ ಅನುಭವ

ಬೇಸಿಗೆಯಲ್ಲಿ ಅಂಜಲ್ (ಸುರ್ಮಾಯಿ ಮೀನು) ಬೇಕೆಂದರೆ ಲೂರ್, ಅಂದರೆ ಕೃತಕ ಮೀನು, ಕಟ್ಟಿಕೊಂಡು ಬೋಟು ಓಡಿಸುತ್ತಲೇ ಇರಬೇಕು, ಅಂದರೆ ಟ್ರೋಲಿಂಗ್ ಮಾಡಬೇಕು. ನಮ್ಮ ಗುಂಪಿನಲ್ಲಿ ಎಲ್ಲರೂ ನಂಬಿದ್ದು ಇದನ್ನೇ. ಎಂಜಿನ್ ಆಫ್ ಮಾಡಿ ಗಾಳಕ್ಕೆ ಜೀವಂತ ಬಂಗುಡೆ ಸಿಕ್ಕಿಸಿ ಬಿಡೋಣ ಅಂದಾಗ ಬೋಟು ನಡೆಸುವ ತಾಂಡೇಲರು, "ಸುಮ್ನೆ ಯಾಕೆ ಮಾರಾಯ್ರೆ, ಆ ಬಂಗುಡೆ ಮನೆಗೆ ತಗೊಂಡು ಹೋಗಿ ಸಾರು ಮಾಡಿ" ಅಂದಿದ್ದರು. ಈ ಏಪ್ರಿಲ್‌ನಲ್ಲಿ ಅದೇ ಜೀವಂತ ಬಂಗುಡೆಗೆ ಒಂದೇ ಬೆಳಿಗ್ಗೆ ನಾಲ್ಕು ಅಂಜಲ್ ಬೋಟಿಗೆ ಬಂದವು. ದೊಡ್ಡದು 11 ಕೆ.ಜಿ. ಹತ್ತಿರ ಇತ್ತು. ಆ ದಿನ ಪಕ್ಕದಲ್ಲೇ ಟ್ರೋಲಿಂಗ್ ಮಾಡುತ್ತಿದ್ದವರು ಖಾಲಿ ಹೋದರು. ಹಾಗಾಗಿ ಬರೆಯುತ್ತಿದ್ದೇನೆ.

ಮಾರ್ಚ್ ಕೊನೆಯಿಂದ ಮೇವರೆಗೆ ನಮ್ಮ ಕಡೆ ನೀರು ತಿಳಿ. ಬಿಸಿಲೇರಿದ ಮೇಲೆ ಅಂಜಲ್ ಲೂರಿನ ಹಿಂದೆ ಬರುತ್ತದೆ, ನೋಡುತ್ತದೆ, ತಿರುಗಿ ಹೋಗುತ್ತದೆ. ಮಧ್ಯಾಹ್ನದವರೆಗೆ ಓಡಿಸಿದರೆ 50 ಲೀಟರ್ ಪೆಟ್ರೋಲ್ ಮುಗಿಯುತ್ತದೆ. ಹಿಂದಿನ ಬೇಸಿಗೆಯಲ್ಲಿ ಕಳೆದುಹೋದ ಲೂರುಗಳದ್ದೇ ಹದಿನೈದು ಸಾವಿರ ಆಗಿರಬೇಕು.

ಜೀವಂತ ಬಂಗುಡೆಯ ಮೊದಲ ಕಷ್ಟ ಅದನ್ನು ಬದುಕಿಸಿಕೊಳ್ಳುವುದು. ಸೇಂಟ್ ಮೇರಿಸ್ ದ್ವೀಪದ ಹತ್ತಿರ ಬೆಳಕು ಹರಿಯುವ ಹೊತ್ತಿಗೆ ಸಬಿಕಿ (ಸಣ್ಣ ಸಣ್ಣ ಗಾಳಗಳ ಸಾಲು) ಬಿಟ್ಟರೆ ಸಿಗುತ್ತವೆ, ಅದೇನೂ ದೊಡ್ಡದಲ್ಲ. ಆದರೆ ಐಸ್ ಬಾಕ್ಸಿಗೆ ಹಾಕಿದವು ಹತ್ತು ನಿಮಿಷಕ್ಕೇ ಮೇಲೆ ತೇಲಿದವು. ಅಕ್ವೇರಿಯಂ ಪಂಪ್ ಹಾಕಿದೆವು, ಆಗಲೂ ಸತ್ತವು. ಬಂಗುಡೆ ನಿಂತು ಉಸಿರಾಡುವ ಮೀನಲ್ಲ, ಈಜುತ್ತಲೇ ಇರಬೇಕು. ಚೌಕ ಪೆಟ್ಟಿಗೆಯಲ್ಲಿ ಮೂಲೆಗೆ ಬಡಿದುಕೊಂಡು ಮೂತಿ ಒಡೆದುಕೊಳ್ಳುತ್ತದೆ. ಕೊನೆಗೆ ಗುಜರಿಯಿಂದ ನೀಲಿ ಡ್ರಮ್ ತಂದು ಅರ್ಧಕ್ಕೆ ಕುಯ್ದೆ. ಬೋಟಿನ ತಳದ ನೀರು ಹೊರಹಾಕಲು ಬಳಸುವ 12 ವೋಲ್ಟಿನ ಬಿಲ್ಜ್ ಪಂಪಿನಿಂದ ಸಮುದ್ರದ ನೀರು ಓರೆಯಾಗಿ ಒಳಗೆ ಬರುವ ಹಾಗೆ ಪೈಪ್ ಕೂರಿಸಿದೆ. ನೀರು ಸುತ್ತುತ್ತದೆ, ಬಂಗುಡೆಯೂ ಸುತ್ತುತ್ತದೆ. ಡ್ರಮ್, ಪಂಪ್, ಬ್ಯಾಟರಿ ಎಲ್ಲ ಸೇರಿ ನಾಲ್ಕೂವರೆ ಸಾವಿರ. ಹತ್ತು ಮೀನಿಗಿಂತ ಜಾಸ್ತಿ ಹಾಕಬೇಡಿ. ಕೈಯಲ್ಲಿ ಹಿಡಿಯಲೂಬೇಡಿ, ಗಾಳದಿಂದ ನೇರ ಡ್ರಮ್ಮಿಗೆ ಉದುರಿಸಿ.

ಎರಡನೆಯ ಕಷ್ಟ ಅಂಜಲಿನ ಹಲ್ಲು. 80 ಪೌಂಡ್ ತಡೆಯುವ ಫ್ಲೋರೋಕಾರ್ಬನ್ ನೂಲೂ ಕತ್ತರಿಸಿ ಹೋಯಿತು. ದಪ್ಪ ಕೋಟೆಡ್ ವೈರ್ ಹಾಕಿದರೆ ಮುಟ್ಟುವುದೇ ಇಲ್ಲ. ಈಗ ನಾನು ಹಾಕುವುದು ಸಿಂಗಲ್ ಸ್ಟ್ರ್ಯಾಂಡ್ ತೆಳು ವೈರ್, ಒಂದೂವರೆ ಗೇಣು ಮಾತ್ರ. ಒಂದು ಮೀನಿಗೇ ಸುಕ್ಕು ಬೀಳುತ್ತದೆ, ಕಿತ್ತು ಎಸೆಯಬೇಕು. ಜಿಪುಣತನ ಮಾಡಿದವರ ಮೀನು ಹೋಗುತ್ತದೆ. ವೈರಿಗೆ ಕಪ್ಪು ಮಾರ್ಕರ್ ಬಳಿದೂ ನೋಡಿದೆ. ಏನೂ ವ್ಯತ್ಯಾಸ ಕಾಣಲಿಲ್ಲ.

ಅಂಜಲ್ ಮೊದಲು ಬಾಲ ಕಡಿಯುತ್ತದೆ. ಮೂತಿಗೆ ಮಾತ್ರ ಗಾಳ ಹಾಕಿದರೆ ನಿಮ್ಮ ಕೈಗೆ ಬರುವುದು ಅರ್ಧ ಬಂಗುಡೆ. ಹಾಗಾಗಿ ಹಿಂದೆ ಸಣ್ಣ ಟ್ರೆಬಲ್ (ಮೂರು ಮೊನೆಯ ಗಾಳ) ಒಂದು ಬೇಕೇ ಬೇಕು. ಅದನ್ನು ಎಲ್ಲಿ ಚುಚ್ಚುತ್ತೇನೆ, ಎಷ್ಟು ಸಡಿಲ ಬಿಡುತ್ತೇನೆ ಅನ್ನುವುದು ನನ್ನ ಹತ್ತಿರವೇ ಇರಲಿ. ನಮ್ಮ ಬೋಟಿನವರಿಗೂ ಹೇಳಿಲ್ಲ.

ಡ್ರ್ಯಾಗ್, ಅಂದರೆ ರೀಲಿನ ಬ್ರೇಕ್, ಮಾತ್ರ ಸಡಿಲ ಇಡಿ. ಜಿಟಿ (ಜೈಂಟ್ ಟ್ರೆವಾಲಿ ಮೀನು) ಹಿಡಿದು ಅಭ್ಯಾಸ ಇರುವ ಗೆಳೆಯನೊಬ್ಬ ಬಿಗಿ ಮಾಡಿಕೊಂಡು ನಿಂತ. ಮೊದಲ ಓಟಕ್ಕೇ ಟ್ರೆಬಲ್ ನೆಟ್ಟಗಾಯಿತು. ಎರಡು ಕಿಲೋ, ಎರಡೂವರೆ ಕಿಲೋ ಬಿಗಿ ಸಾಕು. ಮೊದಲ ಓಟದಲ್ಲಿ ನೂರು ಮೀಟರ್ ನೂಲು ಹೋಗುತ್ತದೆ, ಹೋಗಲಿ. ಆ ರೀಲಿನ ಸದ್ದಿಗಾಗಿಯೇ ಅಲ್ವಾ ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಹೋಗುವುದು!

ನಾವು ಹೋಗುವ ಜಾಗ ದ್ವೀಪ ದಾಟಿ ಪಡುವಕ್ಕೆ ಒಂದು ತಾಸು, 15 ಮಾರು ಆಳ. ಅಲ್ಲಿ ನೀರಿನಡಿಯ ಕಲ್ಲು ಎಲ್ಲಿದೆ ಅಂತ ಫಿಶ್ ಫೈಂಡರ್ ಇರುವವರು ಹುಡುಕಿಕೊಳ್ಳಿ. ಬೆಳಗಿನ ಮೂಡುಗಾಳಿಗೆ ಬೋಟು ತಾನಾಗಿ ಕಲ್ಲಿನ ಮೇಲೆ ತೇಲಿ ಹೋಗುವ ಹಾಗೆ ನಿಲ್ಲಿಸುತ್ತೇವೆ. ಒಂದು ನೂಲಿಗೆ ಬಲೂನ್ ಕಟ್ಟಿ ದೂರ ಬಿಡುವುದು, ಇನ್ನೊಂದಕ್ಕೆ ಸ್ವಲ್ಪ ಸೀಸ ಹಾಕಿ ಅರ್ಧ ಆಳಕ್ಕೆ ಇಳಿಸುವುದು. ನಾಲ್ಕರಲ್ಲಿ ಮೂರು ಮೀನು ಬಿದ್ದದ್ದು ಬಲೂನಿಗೇ. ಕಾಯುವಾಗ ಒಬ್ಬ ಸ್ಲೋ ಜಿಗ್ (ನಿಧಾನ ಎತ್ತಿ ಇಳಿಸುವ ಲೋಹದ ಲೂರ್) ಇಳಿಸಿ ಎರಡು ಮುರುಮೀನು ಎತ್ತಿದ. ಬೊಂಡಾಸ್ (ಸ್ಕ್ವಿಡ್) ತುಂಡನ್ನೂ ತಳಕ್ಕೆ ಬಿಟ್ಟು ನೋಡಿದೆವು, ಸಣ್ಣ ಮೀನುಗಳ ಕಾಟ ಅಷ್ಟೇ. ಹನ್ನೊಂದು ದಾಟಿ ಪಡುಗಾಳಿ ಎದ್ದರೆ ಆಸೆ ಬಿಟ್ಟು ತಿರುಗಿ ಬನ್ನಿ.

ಮೀನು ಬೋಟಿಗೆ ಬಂದ ಕೂಡಲೇ ಕಿವಿರು ಕುಯ್ದು ರಕ್ತ ಬಿಡಬೇಕು. ಆಮೇಲೆ ಐಸಿಗೆ ಉಪ್ಪುನೀರು ಬೆರೆಸಿ ಮುಳುಗಿಸಬೇಕು. ಬರೀ ಐಸಿನ ಮೇಲೆ ಇಟ್ಟ ಮೀನಿಗೂ ಇದಕ್ಕೂ ರುಚಿಯಲ್ಲಿ ತುಂಬಾ ವ್ಯತ್ಯಾಸ. ತವಾದಲ್ಲಿ ಹಾಕಿದರೆ ಗೊತ್ತಾಗುತ್ತದೆ.

ಖರ್ಚು ಹೀಗೆ: ಬೋಟಿಗೆ ಏಳೆಂಟು ಸಾವಿರ, ಪೆಟ್ರೋಲ್ ಎರಡೂವರೆ ಸಾವಿರದ ಒಳಗೆ, ಐಸು, ಅವಲಕ್ಕಿ, ಚಹಾ ಸೇರಿ ಒಂದು ಸಾವಿರ. ನಾಲ್ಕು ಜನ ಹಂಚಿಕೊಂಡರೆ ತಲೆಗೆ ಮೂರು ಸಾವಿರ ದಾಟುವುದಿಲ್ಲ. ಟ್ರೋಲಿಂಗ್ ದಿನಗಳಲ್ಲಿ ಪೆಟ್ರೋಲಿಗೇ ಈಗಿನ ಎರಡೂವರೆ ಸಾವಿರದ ಎರಡು ಪಟ್ಟು ಹೋಗುತ್ತಿತ್ತು. ನಾವು ಮೀನು ಮಾರುವುದಿಲ್ಲ. ತಾಂಡೇಲರಿಗೆ ಒಂದು ಇಡೀ ಅಂಜಲ್, ಉಳಿದದ್ದು ಪಾಲು.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ. ಸಮುದ್ರವೂ ಬಿಡುವುದಿಲ್ಲ. ಅಷ್ಟರೊಳಗೆ ಡ್ರಮ್ಮಿಗೆ ಮುಚ್ಚಳ ಮಾಡಿಸಬೇಕು, ಅಲೆಗೆ ಬೋಟು ಎದ್ದಾಗ ಬಂಗುಡೆ ಹೊರಗೆ ಹಾರುತ್ತವೆ.